ಭಾಗೀರಥಿಯಿಂದ ಎದ್ದು ಬಂದವರು

ಪ್ರಶ್ನೆ: ಮಗ ತೀರಿಕೊಂಡು ಎಂಟು ತಿಂಗಳಾಯಿತು. ಗೀತೆಯ ಎರಡನೆಯ ಅಧ್ಯಾಯ ಓದು ಎಂದು ಎಲ್ಲರೂ ಹೇಳುತ್ತಾರೆ. ‘ಶೋಕಿಸಬಾರದವರಿಗಾಗಿ ಶೋಕಿಸುತ್ತಿದ್ದೀಯೆ’ ಎಂಬಲ್ಲಿಗೆ ಬಂದೊಡನೆ ಪುಸ್ತಕ ಮುಚ್ಚಿಬಿಡುತ್ತೇನೆ. ಅತ್ತದ್ದೇ ತಪ್ಪೇನೋ ಅನ್ನಿಸುತ್ತದೆ. ಆದರೆ ದೀಪ ಆರಿಸಿದ ಮೇಲೆ ಅವನು ಮಂಚದ ತುದಿಯಲ್ಲಿ ಕುಳಿತಿದ್ದಾನೆಂದು ಕಲ್ಪಿಸಿಕೊಂಡು ಮಾತನಾಡಿದರೆ ಎದೆ ಹಗುರಾಗುತ್ತದೆ. ಇದು ಹುಚ್ಚೇ?
– ಹೆಸರು ಬೇಡ

ಉತ್ತರ: ಹುಚ್ಚಲ್ಲ ತಾಯಿ. ಪುಸ್ತಕ ಮುಚ್ಚಿದ್ದೂ ತಪ್ಪಲ್ಲ. ಆ ಮಾತನ್ನು ಕೃಷ್ಣ ಹೇಳಿದ್ದು ಯುದ್ಧಕ್ಕೆ ಮುನ್ನ, ಇನ್ನೂ ಯಾರೂ ಸಾಯದಿದ್ದಾಗ. ಅದನ್ನು ಕಿವಿಯಾರೆ ಕೇಳಿದ ಅರ್ಜುನನೇ 13ನೆಯ ದಿನ ಅಭಿಮನ್ಯು ಸತ್ತಾಗ ಗೋಳಾಡಿದ. ನಿಮಗೆ ಶ್ಲೋಕ ಒಪ್ಪಿಸುವವರು ದ್ರೋಣಪರ್ವದವರೆಗೆ ಬಂದಿರಲಾರರು.

ಗೀತೆಯನ್ನು ಸದ್ಯ ಬದಿಗಿಡಿ. ಮಹಾಭಾರತದ 15ನೆಯದಾದ ಆಶ್ರಮವಾಸಿಕ ಪರ್ವದಲ್ಲಿ ಪುತ್ರದರ್ಶನದ ಭಾಗವಿದೆ, ಅದನ್ನು ಓದಿ. ಕಾಡಿಗೆ ಬಂದ ವ್ಯಾಸರೊಡನೆ ಗಾಂಧಾರಿ ಹೇಳುತ್ತಾಳೆ: ಮಕ್ಕಳು ಯುದ್ಧದಲ್ಲಿ ಸತ್ತು 16 ವರ್ಷ ಕಳೆದರೂ ಈ ರಾಜ ಧೃತರಾಷ್ಟ್ರನಿಗೆ ಶಾಂತಿಯಿಲ್ಲ, ರಾತ್ರಿಯೆಲ್ಲ ನಿಟ್ಟುಸಿರು. ನಿಮ್ಮದಿನ್ನೂ ಎಂಟು ತಿಂಗಳು! ಕುಂತಿಗೂ ಹೇಳುವುದಿದೆ, ತಾನು ನೀರಿಗೆ ಬಿಟ್ಟ ಕರ್ಣನ ಸಂಗತಿ. ವ್ಯಾಸರು ಯಾರನ್ನೂ ಗದರುವುದಿಲ್ಲ. ಕತ್ತಲಾದ ಮೇಲೆ ಭಾಗೀರಥಿಗೆ ಇಳಿದು ಸತ್ತವರನ್ನು ಕರೆಯುತ್ತಾರೆ. ದುರ್ಯೋಧನ, ಕರ್ಣ, ಅಭಿಮನ್ಯು ಎಲ್ಲರೂ ಹಗೆ ಮರೆತು ನೀರಿನಿಂದ ಎದ್ದು ಬರುತ್ತಾರೆ. ಹುಟ್ಟುಕುರುಡ ಧೃತರಾಷ್ಟ್ರ ತನ್ನ ಮಕ್ಕಳ ಮುಖವನ್ನು ಮೊದಲ ಬಾರಿಗೆ ಕಂಡದ್ದು ಆ ರಾತ್ರಿಯೇ. ಅವರು ಬದುಕಿದ್ದಾಗ ಅವನಿಗೆ ಆ ಭಾಗ್ಯವಿರಲಿಲ್ಲ. ಇಲ್ಲಿ ನಾನು ಪ್ರತಿ ಸಲವೂ ಓದು ನಿಲ್ಲಿಸುತ್ತೇನೆ.

ಬೆಳಗಾಗುತ್ತಲೇ ಅವರೆಲ್ಲ ಮರಳುತ್ತಾರೆ. ಇದನ್ನು ಗಮನಿಸಿ: ಸಿಕ್ಕಿದ್ದು ಒಂದೇ ರಾತ್ರಿ. ನೀವೂ ಮಗನನ್ನು ಕರೆಯಿರಿ, ಯಾವ ಅಂಗಿ ತೊಟ್ಟಿದ್ದಾನೆಂದು ನೋಡಿ, ಹೇಳದೆ ಉಳಿದದ್ದನ್ನು ಹೇಳಿ. ಆಮೇಲೆ ‘ಹೋಗಿ ಬಾ’ ಎಂದು ಕಳುಹಿಸಿ ದೀಪ ಹಾಕಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಿ. ಅವನಿದ್ದಲ್ಲಿಗೇ ಹೋಗಿಬಿಡೋಣ ಅನ್ನಿಸಿದರಂತೂ ಅಂದೇ ಮನೆಯವರಿಗೆ ತಿಳಿಸಿ, ವೈದ್ಯರ ಬಳಿ ಹೋಗಿ. ಅದಕ್ಕೆ ಕಥೆ ಮದ್ದಲ್ಲ.

ನನ್ನ ತಮ್ಮ ಹೋದಾಗ ನಮ್ಮಿಬ್ಬರ ನಡುವೆ ಎರಡು ವರ್ಷಗಳಿಂದ ಮಾತಿರಲಿಲ್ಲ. ಈ ಭಾಗ ಓದಿ ಕಣ್ಣು ಮುಚ್ಚಿದ ದಿನ ಅವನನ್ನೂ ಆ ಹೊಳೆಯಿಂದ ಎಬ್ಬಿಸಿದೆ. ಕ್ಷಮೆ ಕೇಳಲು ನಾಲ್ಕು ಮಾತು ಹೊಂದಿಸಿಟ್ಟುಕೊಂಡಿದ್ದೆ. ಅವನು ಬಂದವನೇ, ನೀರು ತೊಟ್ಟಿಕ್ಕುತ್ತಿದ್ದ ಕನ್ನಡಕವನ್ನು ಒರೆಸಿಕೊಳ್ಳಲು ನನ್ನ ಅಂಗಿಯ ಅಂಚನ್ನೇ ಎಳೆದ. ಬದುಕಿದ್ದಾಗಲೂ ಹಾಗೆಯೇ ಮಾಡುತ್ತಿದ್ದ, ನಾನು ಬೈಯುತ್ತಿದ್ದೆ. ಅಂದು ಬೈಯಲಿಲ್ಲ.