ಓದುಗರ ಪ್ರಶ್ನೆ: ಕಾಲು ನಿಧಾನ, ಕಣ್ಣು ಚುರುಕು

ಪ್ರಶ್ನೆ: ನಮಸ್ಕಾರ ಸರ್. ನಾವು ಕೆನಡಾದ ಒಂಟಾರಿಯೊದಲ್ಲಿದ್ದೇವೆ. ನನ್ನ ಮಗ ಜೂನಿಯರ್ ಐಸ್ ಹಾಕಿ ತಂಡದಲ್ಲಿ ಎಡಬದಿಯ ಡಿಫೆನ್ಸ್‌ಮನ್, ಅಂದರೆ ರಕ್ಷಣಾ ಆಟಗಾರ. ಬರುವ ಅಕ್ಟೋಬರ್‌ಗೆ 18 ತುಂಬುತ್ತದೆ. ಎತ್ತರ 6 ಅಡಿ 3 ಇಂಚು, ಎರಡೇ ವರ್ಷದಲ್ಲಿ ಐದು ಇಂಚು ಬೆಳೆದಿದ್ದಾನೆ. ಪಾಸ್ ಚೆನ್ನಾಗಿ ಕೊಡುತ್ತಾನೆ, ಗಾಬರಿಯಾಗುವುದಿಲ್ಲ ಎಂದು ಕೋಚ್ ಹೊಗಳುತ್ತಾರೆ. ಆದರೆ ಪ್ರತಿಭೆ ಹುಡುಕುತ್ತಾ ಆಟ ನೋಡಲು ಬಂದಿದ್ದ ಸ್ಕೌಟ್ ಒಬ್ಬರು "ಸ್ಕೇಟಿಂಗ್ ಸಾಲದು" ಎಂದರಂತೆ. ಆವತ್ತಿನಿಂದ ಹುಡುಗ ಮಾತೇ ಆಡುತ್ತಿಲ್ಲ. ಈ ಜೂನ್‌ನ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ (ಇಲ್ಲಿಯ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್‌ನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಅವನನ್ನು ಯಾವುದಾದರೂ ತಂಡ ಆರಿಸಬಹುದಾ? ನಾನು ಈ ಆಟ ಕಂಡಿದ್ದೇ ಇಲ್ಲಿಗೆ ಬಂದ ಮೇಲೆ. ಹೇಗೆ ಅಳೆಯಬೇಕೋ ಗೊತ್ತಿಲ್ಲ. ಮೂರು ಆಟಗಳ ವಿಡಿಯೊ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಎದೆಯ ಭಾರ ಸ್ವಲ್ಪ ಇಳಿಸುತ್ತೇನೆ. ಈ ಜೂನ್‌ನಲ್ಲಿ ನಿಮ್ಮ ಮಗನನ್ನು ಯಾರೂ ಆರಿಸುವ ಹಾಗೇ ಇಲ್ಲ, ಏಕೆಂದರೆ ಅವನ ಸರದಿ ಇನ್ನೂ ಬಂದಿಲ್ಲ. ಡ್ರಾಫ್ಟ್ ನಡೆಯುವ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಬೇಕು ಎಂಬುದು ನಿಯಮ. ಅಕ್ಟೋಬರ್‌ನಲ್ಲಿ ಹುಟ್ಟಿದವನು ಮುಂದಿನ ವರ್ಷದ ಗುಂಪಿಗೆ ಸೇರುತ್ತಾನೆ. ಅಂದರೆ ಅವನ ಕೈಯಲ್ಲಿ ಇನ್ನೂ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಸೀಸನ್ ಇದೆ. ಇದನ್ನು ಇವತ್ತೇ ಅವನಿಗೆ ಹೇಳಿ.

ಮೂರೂ ವಿಡಿಯೊಗಳನ್ನು ಎರಡೆರಡು ಸಲ ನೋಡಿದೆ. ಮೊದಲ ಸಲ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಡೆ ನೋಡಲೇ ಇಲ್ಲ, ಅವನ ಕಾಲುಗಳನ್ನಷ್ಟೇ ನೋಡಿದೆ. ಹನ್ನೊಂದು ವರ್ಷ ಮಕ್ಕಳ ತಂಡದ ಡಿಫೆನ್ಸ್ ಹುಡುಗರಿಗೆ ಕಲಿಸುವಾಗ ನನಗೆ ಅಂಟಿಕೊಂಡ ಅಭ್ಯಾಸ ಇದು. ನೀವೂ ಮುಂದಿನ ಆಟದಲ್ಲಿ ಗೋಲಿನ ಹಿಂಭಾಗದ ಮೇಲಿನ ಸಾಲಿನಲ್ಲಿ ಕೂತು ಒಂದು ಪೀರಿಯಡ್, ಅಂದರೆ ಆಟದ ಮೂರರಲ್ಲಿ ಒಂದು ಭಾಗ, ಹೀಗೇ ನೋಡಿ.

"ಸ್ಕೇಟಿಂಗ್ ಸಾಲದು" ಅನ್ನುವುದು ಕಾಯಿಲೆಯ ಹೆಸರಲ್ಲ, ಬರೀ "ಮೈ ಹುಷಾರಿಲ್ಲ" ಅಂದ ಹಾಗೆ. ಎಲ್ಲಿ ನೋವು ಅಂತ ಹುಡುಕಬೇಕು. ನಿಮ್ಮ ಮಗನಿಗೆ ನೇರ ಓಟದ ತೊಂದರೆ ಇಲ್ಲ. ಒಮ್ಮೆ ವೇಗ ಹಿಡಿದರೆ ಉಳಿದವರ ಸಮಕ್ಕೆ ಬರುತ್ತಾನೆ. ತೊಂದರೆ ಇರುವುದು ಎರಡು ಕಡೆ: ನಿಂತಲ್ಲಿಂದ ಹೊರಡುವ ಮೊದಲ ಮೂರು ಹೆಜ್ಜೆ, ಮತ್ತು ಹಿಮ್ಮುಖವಾಗಿ ಸಾಗುತ್ತಿದ್ದವನು ಮುಂದಕ್ಕೆ ತಿರುಗುವ ಪಿವಟ್.

ಅದರಲ್ಲೂ ಎಡಕ್ಕೆ ತಿರುಗುವುದು. ಬಲಕ್ಕೆ ಒಂದೇ ಚಲನೆಯಲ್ಲಿ ತಿರುಗುತ್ತಾನೆ. ಎಡಕ್ಕೆ ಮಾತ್ರ ಎರಡು ಸಣ್ಣ ಹೆಜ್ಜೆ ಜಾಸ್ತಿ ಹಾಕುತ್ತಾನೆ, ಸೊಂಟ ತಡವಾಗಿ ಬಿಚ್ಚಿಕೊಳ್ಳುತ್ತದೆ. ಎಡಬದಿಯ ಡಿಫೆನ್ಸ್‌ಮನ್‌ಗೆ ಗೋಡೆಯ ಬದಿ ಎಂದರೆ ಎಡಗಡೆಯೇ. ಎದುರಾಳಿ ಫಾರ್‌ವರ್ಡ್ ಆ ಬದಿಯಿಂದ ನುಗ್ಗಿದಾಗ ಆ ಎರಡು ಹೆಜ್ಜೆಯೇ ಮುಳುವಾಗುತ್ತದೆ. ಎರಡನೇ ವಿಡಿಯೊದ ಎರಡನೇ ಪೀರಿಯಡ್‌ನಲ್ಲಿ ಒಬ್ಬನೇ ಆಟಗಾರ ಎರಡು ಸಲ ಅಲ್ಲಿಂದಲೇ ದಾಟಿಹೋದ, ನೋಡಿದಿರಾ?

ಈ ಒಂದು ಕೊರತೆ ಇನ್ನೊಂದನ್ನು ಹುಟ್ಟಿಸಿದೆ. ತಿರುಗಲು ತಡವಾಗುತ್ತದೆ ಅಂತ ಅವನಿಗೇ ಗೊತ್ತು. ಅದಕ್ಕೇ ಮುಂಚಿತವಾಗಿಯೇ ಹಿಂದೆ ಸರಿಯುತ್ತಾನೆ. ಎದುರಾಳಿಗೂ ಅವನಿಗೂ ನಡುವಿನ ಜಾಗಕ್ಕೆ ಆಟಗಾರರು ಗ್ಯಾಪ್ ಅನ್ನುತ್ತಾರೆ. ಬ್ಲೂ ಲೈನ್ (ಎದುರಾಳಿ ನಮ್ಮ ಗೋಲಿನ ವಲಯಕ್ಕೆ ಬರುವಾಗ ದಾಟುವ ಗೆರೆ) ಹತ್ತಿರ ಅದು ಒಂದೂವರೆ ಸ್ಟಿಕ್‌ನಷ್ಟು ಇದ್ದರೆ ಚೆನ್ನ. ನಿಮ್ಮ ಮಗ ಮೂರು ಸ್ಟಿಕ್‌ನಷ್ಟು ಬಿಡುತ್ತಾನೆ. ಹಾಗಾಗಿ ಎದುರಾಳಿಗಳು ಯಾರ ಅಡ್ಡಿಯೂ ಇಲ್ಲದೆ ಲೈನ್ ದಾಟಿ ಒಳಗೆ ಬರುತ್ತಾರೆ. ಮೇಲಿನಿಂದ ನೋಡಿದ ಸ್ಕೌಟ್ ಕಣ್ಣಿಗೆ ಇದೆಲ್ಲ ಒಟ್ಟಾಗಿ "ನಿಧಾನ" ಅಂತ ಕಂಡಿದೆ. ನನ್ನ ಕಣ್ಣಿಗೆ ಕಂಡಿದ್ದು ಭಯ. ಪಿವಟ್ ಸರಿಹೋದರೆ ಆ ಭಯದ ಅರ್ಧಕ್ಕರ್ಧ ಹೋಗುತ್ತದೆ, ಗ್ಯಾಪ್ ತಾನಾಗಿ ಕಿರಿದಾಗುತ್ತದೆ.

ಇನ್ನು ಎರಡನೇ ಸಲ ಪಕ್ ಜೊತೆ ನೋಡಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು. ಮೂಲೆಗೆ ಹೋದ ಪಕ್ ತರಲು ಹೋಗುವಾಗ ಅವನು ಹೆಗಲ ಮೇಲಿಂದ ಎರಡು ಸಲ ಹಿಂದೆ ನೋಡುತ್ತಾನೆ. ಪಕ್ ಮುಟ್ಟುವ ಮೊದಲೇ ಯಾರು ಬರುತ್ತಿದ್ದಾರೆ, ತನ್ನವನು ಎಲ್ಲಿದ್ದಾನೆ ಎಂದು ಗೊತ್ತಿರುತ್ತದೆ. ಮೂರನೇ ಆಟದಲ್ಲಿ ಲೆಕ್ಕ ಹಾಕಿದೆ. ಹದಿನಾಲ್ಕು ಸಲ ಪಕ್ ತರಲು ಹೋದ, ಹತ್ತು ಸಲ ಮೊದಲ ಪಾಸ್ ನೇರ ಜೊತೆಗಾರನ ಸ್ಟಿಕ್‌ಗೇ ಹೋಯಿತು. ಇದನ್ನು ಹದಿನೇಳರ ಹುಡುಗರಿಗೆ ಕಲಿಸುವುದು ಬಹಳ ಕಷ್ಟ. ನಾನು ಕಲಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಪಿವಟ್ ಕಲಿಸಿ ಗೆದ್ದಿದ್ದೇನೆ.

ಹಾಗಂತ ಸುಮ್ನೆ ಆಸೆ ತೋರಿಸಲಾರೆ. ಒಂದು ಕಾಲದಲ್ಲಿ ನಿಧಾನದ ಡಿಫೆನ್ಸ್‌ಮನ್ ಎದುರಾಳಿಗೆ ಸ್ಟಿಕ್ ಸಿಕ್ಕಿಸಿ, ಹಿಡಿದು ಎಳೆದು ಹೇಗೋ ನಿಭಾಯಿಸುತ್ತಿದ್ದ. ಎನ್‌ಎಚ್‌ಎಲ್‌ನ 2004-05ರ ಸೀಸನ್ ಪೂರ್ತಿ ರದ್ದಾಯಿತು. ಮರುವರ್ಷ ಆಟ ಶುರುವಾದಾಗ ರೆಫರಿಗಳು ಅಂಥದ್ದಕ್ಕೆಲ್ಲ ಬಿಗಿಯಾಗಿ ಪೆನಾಲ್ಟಿ ಕೊಡತೊಡಗಿದರು. ಎರಡು ಲೈನ್ ದಾಟುವ ಉದ್ದದ ಪಾಸಿಗೆ ಇದ್ದ ತಡೆಯೂ ಹೋಯಿತು. ಆಗಿನಿಂದ ಹಿಂದೆ ಬಿದ್ದವನಿಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಸ್ಕೌಟ್‌ಗಳು ಕಾಲು ನೋಡುವುದು ಇದಕ್ಕೇ. ಅವರ ಮೇಲೆ ಸಿಟ್ಟು ಬೇಡ.

ಇಂಥ ಅನುಮಾನಗಳನ್ನು ದಾಟಿ ಬಂದವರೂ ಇದ್ದಾರೆ. 6 ಅಡಿ 9 ಇಂಚಿನ ಡಿಫೆನ್ಸ್‌ಮನ್ ಜ್ಡೆನೊ ಚಾರಾ 1996ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ, 56ನೆಯವರಾಗಿ ಆಯ್ಕೆಯಾದರು. ಆ ಉದ್ದನೆಯ ದೇಹವನ್ನು ಐಸ್ ಮೇಲೆ ಹತೋಟಿಗೆ ತರಲು ವರ್ಷಗಳೇ ಬೇಕಾದವು. 2009ರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದರು, 2011ರಲ್ಲಿ ನಾಯಕರಾಗಿ ಬಾಸ್ಟನ್‌ಗೆ ಸ್ಟ್ಯಾನ್ಲಿ ಕಪ್, ಅಂದರೆ ಲೀಗ್‌ನ ಚಾಂಪಿಯನ್ ಪಟ್ಟ, ತಂದರು. ಇನ್ನೊಬ್ಬ ಡಿಫೆನ್ಸ್‌ಮನ್ ಲ್ಯಾರಿ ಮರ್ಫಿ ಎಂದೂ ವೇಗದ ಆಟಗಾರರಲ್ಲ. ಆದರೂ 1,615 ಪಂದ್ಯ ಆಡಿದರು, ನಾಲ್ಕು ಸ್ಟ್ಯಾನ್ಲಿ ಕಪ್ ಗೆದ್ದರು. ಎಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಉಳಿದವರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಆದರೆ ಒಂದು ಮಾತು. ಗೆದ್ದವರ ಹೆಸರು ಮಾತ್ರ ನಮಗೆ ನೆನಪಿರುತ್ತದೆ. ಕಾಲು ಸಾಲದೆ ಅರ್ಧಕ್ಕೇ ನಿಂತವರು ಅವರಿಗಿಂತ ಎಷ್ಟೋ ಪಾಲು ಜಾಸ್ತಿ. ಹಾಗಾಗಿ ಚಾರಾ ಹೆಸರು ಹೇಳಿ ಹುಡುಗನನ್ನು ಸಮಾಧಾನ ಮಾಡಬೇಡಿ.

ನಿಮ್ಮ ಮಗನ ವಿಷಯದಲ್ಲಿ ನನಗೆ ಭರವಸೆ ಕೊಡುವುದು ಆ ಐದು ಇಂಚು. ಅಷ್ಟು ಬೇಗ ಬೆಳೆದ ಹುಡುಗನಿಗೆ ತನ್ನ ಕಾಲು ಎಲ್ಲಿದೆ ಅಂತಲೇ ಸರಿಯಾಗಿ ಅಂದಾಜು ಸಿಗುವುದಿಲ್ಲ. ತೊಡೆ, ಸೊಂಟದ ಬಲ ಎತ್ತರಕ್ಕೆ ಸರಿಯಾಗಿ ಬಂದಿರುವುದಿಲ್ಲ. ಅದಕ್ಕೇ ಮಂಡಿ ಮಡಿಸದೆ ನೆಟ್ಟಗೆ ನಿಲ್ಲುತ್ತಾನೆ. ನೆಟ್ಟಗೆ ನಿಂತವನಿಗೆ ತಳ್ಳಲು ಬಲ ಎಲ್ಲಿಂದ ಬರಬೇಕು? ಮೊದಲ ಮೂರು ಹೆಜ್ಜೆ ಸೋಲುವುದು ಅಲ್ಲೇ. ಈ ಬೇಸಿಗೆಯಲ್ಲಿ ಜಿಮ್‌ನಲ್ಲಿ ಸ್ಕ್ವಾಟ್, ಒಂಟಿ ಕಾಲಿನ ವ್ಯಾಯಾಮ, ಸೊಂಟ ಮತ್ತು ಕಣಕಾಲು ಸಡಿಲವಾಗುವ ಅಭ್ಯಾಸ ನಡೆಯಲಿ. ಐಸ್ ಮೇಲೆ ವಾರಕ್ಕೆ ಎರಡು ದಿನ ಸ್ಕೇಟಿಂಗ್ ಕೋಚ್ ಜೊತೆ ಬರೀ ಪಿವಟ್, ಬ್ಲೇಡಿನ ಅಂಚಿನ ಮೇಲಿನ ಹಿಡಿತ. ಸಾಧ್ಯವಾದರೆ ಫಿಗರ್ ಸ್ಕೇಟಿಂಗ್ ಹಿನ್ನೆಲೆಯವರನ್ನು ಹುಡುಕಿ. 1984ರಲ್ಲಿ ಜೋಡಿ ಫಿಗರ್ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಬಾರ್ಬರಾ ಅಂಡರ್‌ಹಿಲ್ ಮುಂದೆ ಎನ್‌ಎಚ್‌ಎಲ್ ತಂಡಗಳಿಗೇ ಸ್ಕೇಟಿಂಗ್ ಕಲಿಸಿದರು. ಬ್ಲೇಡಿನ ಅಂಚನ್ನು ಅವರಷ್ಟು ಬಲ್ಲವರು ಕಡಿಮೆ.

ಇನ್ನೊಂದು ಸಣ್ಣ ವಿಷಯ. ಮೊದಲ ವಿಡಿಯೊದಲ್ಲಿ ಅವನು ಬೂಟಿನ ಲೇಸನ್ನು ಮೇಲಿನ ತೂತಿನವರೆಗೂ ಬಿಗಿಯಾಗಿ ಎಳೆದು ಕಟ್ಟುವುದು ಕಂಡಿತು. ಹಾಗೆ ಕಟ್ಟಿದರೆ ಕಣಕಾಲು ಮುಂದಕ್ಕೆ ಬಾಗುವುದಿಲ್ಲ, ಮಂಡಿಯೂ ಬಾಗುವುದಿಲ್ಲ. ಮೇಲಿನ ಒಂದು ತೂತು ಬಿಟ್ಟು ಕಟ್ಟಿ ನೋಡಲಿ. ತೂಕವೂ ಏರಿರಬೇಕಲ್ವಾ? ಬ್ಲೇಡಿನ ತಳದ ಕುಳಿಗೆ ಹಳೆಯ ಆಳದ ಸಾಣೆಯನ್ನೇ ಹಿಡಿಸುತ್ತಿದ್ದರೆ ಅದು ಐಸ್ ಒಳಗೆ ಜಾಸ್ತಿ ಕಚ್ಚುತ್ತದೆ. ಸ್ವಲ್ಪ ಕಡಿಮೆ ಆಳ ಇಡಲು ಅಂಗಡಿಯವರಿಗೆ ಹೇಳಿ.

ಕೊನೆಗೆ ನೀವು ಕೇಳಿದ ಮುಖ್ಯ ಪ್ರಶ್ನೆ. ಡ್ರಾಫ್ಟ್‌ನಲ್ಲಿ 7 ಸುತ್ತು, 32 ತಂಡ. ಇವತ್ತಿನ ಕಾಲುಗಳಿಗೆ ಅವನು ಆಯ್ಕೆಯಾಗುವುದು ಕಷ್ಟ. ಮುಂದಿನ ಸೀಸನ್‌ನ ಅರ್ಧದೊಳಗೆ ಎಡಗಡೆಯ ಪಿವಟ್ ಸರಿಹೋಗಿ, ಬ್ಲೂ ಲೈನ್‌ನಲ್ಲೇ ಎದುರಾಳಿಯನ್ನು ತಡೆಯತೊಡಗಿದರೆ ಐದನೇ ಸುತ್ತಿನ ನಂತರ ಯಾವುದಾದರೂ ತಂಡ ಕೈ ಹಾಕಬಹುದು ಎಂದು ನನ್ನ ಅಂದಾಜು. ಆಗದಿದ್ದರೆ ಮರುವರ್ಷದ ಡ್ರಾಫ್ಟ್‌ಗೂ ಅವನ ಹೆಸರು ಇರುತ್ತದೆ. ಮಾರ್ಕ್ ಜಿಯೊರ್ಡಾನೊ ಅವರನ್ನು ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲಿಲ್ಲ. ಅವರು ಒಂಟಾರಿಯೊದವರೇ, ಅಲ್ಲಿಯ ಜೂನಿಯರ್ ಲೀಗ್‌ನಲ್ಲೇ ಆಡಿ ಬಂದವರು. 2019ರ ನಾರಿಸ್ ಟ್ರೋಫಿ ಅವರದು. ಡಿಸೆಂಬರ್‌ನಲ್ಲಿ ಇನ್ನೆರಡು ವಿಡಿಯೊ ಕಳಿಸಿ, ಎಡಕ್ಕೆ ತಿರುಗುವಾಗಿನ ಆ ಎರಡು ಹೆಜ್ಜೆ ಒಂದಾಗಿದೆಯಾ ನೋಡುತ್ತೇನೆ.

ಪ್ರಶ್ನೆ: ಡ್ರಾಫ್ಟ್‌ಗೆ ಮೊದಲು ಆಟಗಾರರನ್ನು ಅಳೆಯಲು ನಡೆಯುವ ಕಂಬೈನ್‌ ಎಂಬ ಪರೀಕ್ಷೆಗಳಲ್ಲಿ ಸ್ಕೇಟಿಂಗ್ ಪರೀಕ್ಷೆ ಇರುತ್ತದಾ? ನನ್ನ ತಮ್ಮ ಕೇಳುತ್ತಿದ್ದಾನೆ.

ಉತ್ತರ: ಇಲ್ಲಮ್ಮಾ. ಬಫಲೊದಲ್ಲಿ ನಡೆಯುವ ಆ ಪರೀಕ್ಷೆಗಳಲ್ಲಿ ಯಾರೂ ಐಸ್ ಮೇಲೆ ಇಳಿಯುವುದಿಲ್ಲ. ಸೈಕಲ್ ತುಳಿಯುವುದು, ಜಿಗಿಯುವುದು, ಪುಲ್-ಅಪ್, ವೈದ್ಯಕೀಯ ತಪಾಸಣೆ, ತಂಡಗಳ ಜೊತೆ ಸಂದರ್ಶನ ಇರುತ್ತವೆ. ಸ್ಕೇಟಿಂಗ್ ಅನ್ನು ಸ್ಕೌಟ್‌ಗಳು ಸೀಸನ್ ಪೂರ್ತಿ ಆಟದಲ್ಲೇ ನೋಡಿರುತ್ತಾರೆ.