ಹಳೆ ಪಟ್ಟಿ, ಹೊಸ ಸ್ಕ್ಯಾನರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂಗಡಿ, ಮಿಲ್ಲು, ಕಚೇರಿಗಳ ಕಾಗದಪತ್ರ ಸ್ಕ್ಯಾನ್ ಮಾಡಿಡುವ ಬಗ್ಗೆ ದಾವಣಗೆರೆ, ಚಿತ್ರದುರ್ಗ ಭಾಗದ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನಮ್ಮದು ದಲಾಲಿ ಅಂಗಡಿ, ಜಿಎಸ್‌ಟಿ ನೋಂದಣಿಯೂ ಇದೆ. ಹತ್ತು ವರ್ಷದ ಪಟ್ಟಿ (ರೈತರ ಮಾಲು ಮಾರಿದ ಲೆಕ್ಕದ ಬಿಲ್ಲು), ತೂಕದ ಚೀಟಿ, ಲಾರಿ ಬಾಡಿಗೆ ರಸೀದಿ ಸೇರಿ 60 ಬಾಕ್ಸ್ ಫೈಲ್ ಆಗಿವೆ. ಕಿರ್ದಿ-ಖಾತೆ ಪುಸ್ತಕಗಳು ಬೇರೆ. ಒಂದು ಮೂಲೆಗೆ ಗೆದ್ದಲು ಹತ್ತಿದೆ. ಮಗ ಸ್ಕ್ಯಾನರ್ ತಂದಿದ್ದಾನೆ. ಎಲ್ಲ ಸ್ಕ್ಯಾನ್ ಮಾಡಿ ಕಾಗದ ರದ್ದಿಗೆ ಹಾಕೋಣ ಅಂತಾನೆ. ಹಾಕಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ರದ್ದಿಯ ಮಾತು ಕೊನೆಗೆ. ಮೊದಲು ಯಾವ ವರ್ಷದ್ದು ಬೇಕು, ಯಾವುದು ಬೇಡ ಎಂದು ಬೇರೆ ಮಾಡಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಒಂದು ವರ್ಷದ ಲೆಕ್ಕಪತ್ರವನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇದ್ದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2022-23ರ ರಿಟರ್ನಿಗೆ ಕೊನೆಯ ದಿನ 2023ರ ಡಿಸೆಂಬರ್ 31. ಹಾಗಾಗಿ ಆ ವರ್ಷದ್ದು 2029ರ ಡಿಸೆಂಬರ್ 31ರ ತನಕ ಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಅದು ಇತ್ಯರ್ಥವಾದ ಮೇಲೆ ಒಂದು ವರ್ಷ, ಇಲ್ಲವೇ ಈ 72 ತಿಂಗಳು, ಯಾವುದು ತಡವೋ ಅಲ್ಲಿಯವರೆಗೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ 8 ಆರ್ಥಿಕ ವರ್ಷ. ಅವಧಿ ಮುಗಿದ ಫೈಲುಗಳ ಪಟ್ಟಿ ಮಾಡಿ ನಿಮ್ಮ ಆಡಿಟರ್‌ಗೆ ತೋರಿಸಿ. ಬೇಡದ ಕಾಗದವನ್ನು ಸ್ಕ್ಯಾನ್ ಮಾಡುವುದು ದಂಡದ ಕೆಲಸ.

ಈಗ ಲೆಕ್ಕ ಹಾಕೋಣ. ಮಾಮೂಲಿ ಹಾಳೆ ಒಂದು ಅಂಗುಲ ದಪ್ಪಕ್ಕೆ ಸುಮಾರು 250 ಬರುತ್ತವೆ. ಫೈಲಿಗೆ ಎರಡು ಅಂಗುಲ ಹಿಡಿದರೂ 60 ಫೈಲಿಗೆ 30,000 ಹಾಳೆ. ನಿಮಿಷಕ್ಕೆ 30 ಹಾಳೆ ಎಳೆಯುವ ಯಂತ್ರಕ್ಕೆ ಇದು 17 ಗಂಟೆಯ ಕೆಲಸ ಅಷ್ಟೆ. ಆದರೆ ಪಿನ್ ಬಿಚ್ಚುವುದು, ಮಡಿಕೆ ನೇರ ಮಾಡುವುದು, ಹೆಸರು ಕೊಡುವುದು, ತಾಳೆ ನೋಡುವುದು ಅದರ ಮೂರು-ನಾಲ್ಕು ಪಟ್ಟು ಹೊತ್ತು ತಿನ್ನುತ್ತವೆ. ಮಗ ಒಬ್ಬನೇ ಕೂತರೆ ಬೇಸತ್ತು ಅರ್ಧಕ್ಕೆ ಬಿಡುತ್ತಾನೆ. ಒಬ್ಬರು ಪಿನ್ ತೆಗೆದು ಜೋಡಿಸಲಿ, ಇನ್ನೊಬ್ಬರು ಸ್ಕ್ಯಾನ್ ಮಾಡಲಿ. ಒಂದು ಸ್ಟೇಪಲ್ ಪಿನ್ ಒಳಗೆ ಹೋದರೂ ಗಾಜಿನ ಮೇಲೆ ಗೀರು ಬೀಳುತ್ತದೆ. ಗೀರು ಒರೆಸಿದರೆ ಹೋಗುವುದಿಲ್ಲ.

ಮೊದಲು ಕೈಹಾಕಬೇಕಾದ್ದು ತೂಕದ ಚೀಟಿಗೆ. ವೇಬ್ರಿಡ್ಜಿನ ನುಣುಪು ಥರ್ಮಲ್ ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ, ಬಿಸಿ ತಾಗಿದ ಕಡೆ ಕಪ್ಪಾಗುವ ಲೇಪವಷ್ಟೇ ಇರುತ್ತದೆ. ತಗಡಿನ ಮಾಡಿನ ಕೆಳಗಿನ ನಮ್ಮ ಏಪ್ರಿಲ್ ಬಿಸಿಲಿಗೆ, ಬೆಳಕಿಗೆ, ಪ್ಲಾಸ್ಟಿಕ್ ಕವರಿನ ಒಳಗಿನ ರಾಸಾಯನಿಕಕ್ಕೆ ಅದು ಮಾಸುತ್ತಾ ಹೋಗುತ್ತದೆ. ಉಳಿಸಲೆಂದು ಲ್ಯಾಮಿನೇಷನ್ ಮಾಡಿಸಿದರೆ ಇಡೀ ಚೀಟಿ ಕಪ್ಪು. ಇನ್ನು ಮುಂದೆ ಥರ್ಮಲ್ ಚೀಟಿ ಕೈಗೆ ಬಂದ ದಿನವೇ ಸ್ಕ್ಯಾನ್ ಆಗಲಿ. ಗೆದ್ದಲು ಹತ್ತಿದ ಕಟ್ಟನ್ನು ಹೊರಗೆ ಒಯ್ದು ಮೆತ್ತನೆಯ ಬ್ರಷ್ಷಿನಿಂದ ಮಣ್ಣು ಉದುರಿಸಿ. ಕಾಗದದ ಮೇಲೆ ಔಷಧಿ ಸಿಂಪಡಿಸಬೇಡಿ. ಈ ಹಾಳೆಗಳನ್ನು ಯಂತ್ರ ಎಳೆದುಕೊಳ್ಳಲು ಬಿಡದೆ ಗಾಜಿನ ಮೇಲೆ ಒಂದೊಂದಾಗಿ ಇಟ್ಟು ಸ್ಕ್ಯಾನ್ ಮಾಡಿ.

ಸೆಟ್ಟಿಂಗ್ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ), ಗ್ರೇಸ್ಕೇಲ್ (ಬೂದು ಛಾಯೆಗಳೂ ಉಳಿಯುವ ಬಗೆ) ಇರಲಿ. ಶುದ್ಧ ಕಪ್ಪು-ಬಿಳುಪು ಇಟ್ಟರೆ ಪೆನ್ಸಿಲ್ಲಿನಲ್ಲಿ ಬರೆದ ಹಮಾಲಿ ಲೆಕ್ಕ, ನೀಲಿ ಮೊಹರು, ಮೂರನೇ ಪ್ರತಿಯ ಮಸುಕು ಕಾರ್ಬನ್ ಅಕ್ಷರ ಎಲ್ಲ ಅಳಿಸಿಹೋಗುತ್ತವೆ. ಎ4 ಹಾಳೆಯೊಂದು ಜೆಪೆಗ್ ಆಗಿ ಅರ್ಧದಿಂದ ಒಂದು ಎಂಬಿ ಆದೀತು. 30,000 ಹಾಳೆ ಸೇರಿದರೂ 30 ಜಿಬಿ ದಾಟುವುದು ಕಷ್ಟ. ಜಾಗ ಉಳಿಸಲು ಗುಣಮಟ್ಟ ಇಳಿಸುವ ಅಗತ್ಯವೇ ಇಲ್ಲ.

ಹೊಲಿದ ಕಿರ್ದಿ ಪುಸ್ತಕವನ್ನು ದಯವಿಟ್ಟು ಕತ್ತರಿಸಬೇಡಿ. ಸ್ಟ್ಯಾಂಡಿಗೆ ಫೋನ್ ಬಿಗಿದು ನೇರ ಮೇಲಿಂದ ತೆಗೆಯಿರಿ, ಬೆಳಕು ಎರಡೂ ಬದಿಯಿಂದ ಓರೆಯಾಗಿ ಬೀಳಲಿ. 12 ಮೆಗಾಪಿಕ್ಸೆಲ್ ಫೋಟೊದ ಉದ್ದದ ಬದಿ ಸುಮಾರು 4,000 ಪಿಕ್ಸೆಲ್. 13 ಅಂಗುಲದ ಒಂದು ಪುಟಕ್ಕೆ ಅದು ಅಂಗುಲಕ್ಕೆ 300ರಂತೆ ಸಿಗುತ್ತದೆ. ಪುಸ್ತಕ ಬಿಚ್ಚಿ ಎರಡಡಿ ಅಗಲವನ್ನು ಒಂದೇ ಫೋಟೊದಲ್ಲಿ ಹಿಡಿದರೆ 170 ಕೂಡ ಬರುವುದಿಲ್ಲ. ಆದ್ದರಿಂದ ಪುಟಕ್ಕೊಂದು ಫೋಟೊ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ.

ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬಂದು ಕೊನೆಗೆ ಪಟ್ಟಿ ನಂಬರ್ ಇರಲಿ: 20230114-04517. ದಿನ ಮೊದಲು ಬರೆದರೆ ಎಲ್ಲ ತಿಂಗಳ 14ನೇ ತಾರೀಖುಗಳೂ ಒಂದೇ ಕಡೆ ಗುಡ್ಡೆಯಾಗುತ್ತವೆ. ಜೊತೆಗೆ ಒಂದು ಎಕ್ಸೆಲ್ ಹಾಳೆಯಲ್ಲಿ ರೈತರ ಹೆಸರು, ಊರು, ಮೊತ್ತ ಬರೆದಿಡಿ. ಬಸವರಾಜ, ಬಸವರಾಜಪ್ಪ, ಬಸಪ್ಪ ಎಂದು ಒಬ್ಬರದೇ ಹೆಸರು ಮೂರು ಪಟ್ಟಿಯಲ್ಲಿ ಮೂರು ಥರ ಇರುತ್ತದೆ. ಹೆಸರೊಂದನ್ನೇ ನಂಬಬೇಡಿ, ಮೊಬೈಲಿನ ಕೊನೆಯ ನಾಲ್ಕು ಅಂಕಿಯನ್ನೂ ಸೇರಿಸಿ.

ಒಂದು ಫೈಲು ಮುಗಿದಾಗಲೆಲ್ಲ ಹಾಳೆಗಳ ಎಣಿಕೆ, ಚಿತ್ರಗಳ ಎಣಿಕೆ ಒಂದೇ ಇದೆಯೇ ನೋಡಿ. ಪಟ್ಟಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರುವುದರಿಂದ ನಡುವೆ ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಬಿಡಿ ರಸೀದಿಗಳಿಗೆ ನಂಬರಿಂಗ್ ಮಷಿನ್ನಿನಿಂದ ಸಂಖ್ಯೆ ಒತ್ತಿಕೊಂಡು ಶುರು ಮಾಡಿ. ಎಣಿಕೆ ಸರಿಹೋದರೂ ಅವಧಿ ಮುಗಿಯದ ಕಾಗದವನ್ನು ಬಿಸಾಡಬೇಡಿ. ಒಣ ಜಾಗದಲ್ಲಿ, ನೆಲ-ಗೋಡೆಗೆ ತಾಗದಂತೆ ಕಬ್ಬಿಣದ ರ‍್ಯಾಕಿನಲ್ಲಿ ಇಡಿ. ಅವಧಿ ಮುಗಿದದ್ದನ್ನು ಕೂಡ ಇಡಿಯಾಗಿ ರದ್ದಿಗೆ ಹಾಕಬೇಡಿ. ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್ ಇರುವ ಹಾಳೆ ನಾಳೆ ಯಾವುದೋ ಅಂಗಡಿಯಲ್ಲಿ ಮಂಡಕ್ಕಿ ಪೊಟ್ಟಣವಾಗುತ್ತದೆ. ಹರಿಯುವ ಯಂತ್ರಕ್ಕೆ ಹಾಕಿ, ಏನು ನಾಶ ಮಾಡಿದಿರಿ ಎಂದು ತಾರೀಖಿನೊಡನೆ ಬರೆದಿಡಿ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮ ಎಣ್ಣೆ ಮಿಲ್ಲಿದೆ. ಸ್ಕ್ಯಾನ್ ಮಾಡಿದ ಪ್ರತಿ ಹಾಳೆಯಲ್ಲೂ ಮೇಲಿಂದ ಕೆಳಗೆ ಒಂದು ಸಣ್ಣ ಕಪ್ಪು ಗೆರೆ ಬರುತ್ತದೆ. ಎರಡೆರಡು ಹಾಳೆ ಒಟ್ಟಿಗೇ ಹೋಗುತ್ತವೆ. ಯಂತ್ರ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಾರದು. ಹಾಳೆ ತಾನೇ ಎಳೆದುಕೊಳ್ಳುವ ಯಂತ್ರದಲ್ಲಿ ಕಣ್ಣು ನಿಂತಿರುತ್ತದೆ, ಕಾಗದ ಓಡುತ್ತದೆ. ಕಣ್ಣಿನ ಮೇಲಿನ ಕಿರಿದಾದ ಗಾಜಿನ ಪಟ್ಟಿಗೆ ಶೇಂಗಾ ಹೊಟ್ಟಿನ ಒಂದು ಕಣ ಅಂಟಿದರೂ ಹಾಳೆಯ ಉದ್ದಕ್ಕೂ ಗೆರೆಯಾಗುತ್ತದೆ. ದೊಡ್ಡ ಗಾಜನ್ನು ಎಷ್ಟು ಒರೆಸಿದರೂ ಇದು ಹೋಗದು. ಅಲ್ಲಿನ ಕೊಳೆ ಚುಕ್ಕೆಯಾಗಿ ಕಾಣುತ್ತದೆ, ಗೆರೆಯಾಗಿ ಅಲ್ಲ. ಯಂತ್ರ ಆರಿಸಿ, ಮುಚ್ಚಳ ತೆರೆದು, ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸು ಹಚ್ಚಿ ಆ ಪಟ್ಟಿಯನ್ನು ಒರೆಸಿ. ಎರಡೂ ಬದಿ ಒಟ್ಟಿಗೆ ಓದುವ ಯಂತ್ರವಾದರೆ ಮೇಲೊಂದು, ಕೆಳಗೊಂದು ಪಟ್ಟಿ ಇರುತ್ತವೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ.

ಜೋಡಿ ಹಾಳೆ ಹೋಗುವುದಕ್ಕೆ ಹೆಚ್ಚಾಗಿ ರಬ್ಬರ್ ರೋಲರ್ ಜಾರುವುದೇ ಕಾರಣ. ಕಾರ್ಬನ್ ಇಲ್ಲದೆ ಪ್ರತಿ ಮೂಡುವ ಬಿಲ್ ಪುಸ್ತಕದ ಹಾಳೆಗೆ ರಾಸಾಯನಿಕದ ಲೇಪ ಇರುತ್ತದೆ. ಅದು ರೋಲರಿಗೆ ಮೆತ್ತಿಕೊಂಡು ಹಿಡಿತ ತಪ್ಪಿಸುತ್ತದೆ. ಇಂಥ ಹಾಳೆಯೇ ಹೆಚ್ಚಿದ್ದರೆ ರೋಲರನ್ನು ದಿನಕ್ಕೊಮ್ಮೆ ಒರೆಸಿ. ಕಟ್ಟನ್ನು ಇಸ್ಪೀಟಿನಂತೆ ಬಿಡಿಸಿ 25-30 ಹಾಳೆ ಮಾತ್ರ ಇಡಿ. ಅದಕ್ಕೂ ಸರಿಹೋಗದಿದ್ದರೆ ರೋಲರ್ ಬದಲಿಸಿ, ಅದು ಸವೆಯುವ ಭಾಗವೇ.

ಪ್ರಶ್ನೆ: ಪಿಡಿಎಫ್ ಸಣ್ಣದಾಗಲಿ ಎಂದು ಹೆಚ್ಚು ಕಂಪ್ರೆಷನ್ ಇಟ್ಟರೆ ತಪ್ಪೇನು? (ಹರಿಹರ)

ಉತ್ತರ: ಅಕ್ಷರ ಮಸುಕಾದರೆ ಕಣ್ಣಿಗೆ ಕಾಣುತ್ತದೆ. ಅಂಕಿಯೇ ಬದಲಾದರೆ ಕಾಣುವುದಿಲ್ಲ. ಕಪ್ಪು-ಬಿಳುಪು ಸ್ಕ್ಯಾನಿಗೆ ಬಳಸುವ ಜೆಬಿಗ್2 ಎಂಬ ವಿಧಾನದಲ್ಲಿ, ಒಂದೇ ಥರ ಕಾಣುವ ಅಕ್ಷರಗಳನ್ನು ಒಂದೇ ಅಚ್ಚಾಗಿ ಉಳಿಸಿ ಎಲ್ಲ ಕಡೆ ಅದನ್ನೇ ಒತ್ತುವ ಬಗೆಯೊಂದಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇದರಿಂದ 6 ಇದ್ದ ಕಡೆ 8 ಬಂದದ್ದನ್ನು ತೋರಿಸಿದರು. ಹಾಳೆ ನೋಡಲು ಚೊಕ್ಕವಾಗಿಯೇ ಇತ್ತು. 68 ಕ್ವಿಂಟಲ್ 88 ಆದರೆ ಯಾರಿಗೆ ತಿಳಿಯಬೇಕು? ಕಪ್ಪು-ಬಿಳುಪೇ ಬೇಕೆಂದಿದ್ದರೆ ಗ್ರೂಪ್ 4 ಎಂಬ ಕಂಪ್ರೆಷನ್ ವಿಧಾನವನ್ನು ಆರಿಸಿ, ಅದು ಒಂದು ಚುಕ್ಕೆಯನ್ನೂ ಬದಲಿಸುವುದಿಲ್ಲ. ಬಹುಕಾಲ ಇಡುವುದನ್ನು ಪಿಡಿಎಫ್/ಎ ರೂಪದಲ್ಲಿ ಉಳಿಸಿ. ಅದರಲ್ಲಿ ಫಾಂಟು ಫೈಲಿನೊಳಗೇ ಇರುತ್ತದೆ.

ಡಿಜಿಟಲ್ ಸಹಿ ಇರುವ ಪಿಡಿಎಫ್ ಬಂದರೆ ಅದನ್ನು ಇದ್ದ ಹಾಗೇ ಇಡಿ. ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರೆ ಉಳಿಯುವುದು ಸಹಿಯ ಚಿತ್ರ ಮಾತ್ರ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಸಹಕಾರ ಸಂಘದ ಹಳೆಯ ನಡಾವಳಿಗಳು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಾಗಿವೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಕನ್ನಡವನ್ನು ಹುಡುಕಲು ಆಗುತ್ತದೆಯೇ?

ಉತ್ತರ: ಹಳೆಯ ನುಡಿ ಫಾಂಟಿನಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ನೀವು ಹುಡುಕುವುದು ಯೂನಿಕೋಡಿನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೇ ಇರುವ ಸಂಕೇತದಲ್ಲಿ; ಎರಡೂ ತಾಳೆಯಾಗುವುದಿಲ್ಲ. ಫಾಂಟ್ ಇರುವ ಕಂಪ್ಯೂಟರಿನಲ್ಲೇ ಮೊದಲು ಪಿಡಿಎಫ್/ಎ ಮಾಡಿ ಮೂಲವನ್ನು ಭದ್ರ ಮಾಡಿ. ಆಮೇಲೆ ನಕಲು ಪ್ರತಿಯನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಅಂಕಿಗಳನ್ನು ಕಣ್ಣಾರೆ ತಿದ್ದಿ.

ಅಚ್ಚಾದ ಹಾಳೆಯಿಂದ ಅಕ್ಷರ ಗುರುತಿಸಲು ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. 300 ಡಿಪಿಐಗಿಂತ ಇಳಿಸಿದರೆ ಒತ್ತಕ್ಷರಗಳು ಕೂಡಿಕೊಂಡು ಹಾಳಾಗುತ್ತವೆ, ಪ-ವ-ಷ ಅದಲುಬದಲಾಗುತ್ತವೆ. ಕೈಬರಹಕ್ಕೆ ಇದನ್ನು ನೆಚ್ಚಬೇಡಿ. ಸಭೆಯ ತಾರೀಖು, ಠರಾವು ಸಂಖ್ಯೆ, ವಿಷಯ ಇಷ್ಟನ್ನು ಯಾರಾದರೂ ಕೂತು ಟೈಪ್ ಮಾಡಿದರೆ ಸಾಕು, ಅದೇ ಗಟ್ಟಿ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಬಟ್ಟೆ ಅಂಗಡಿ ಇದೆ. ಉದ್ರಿ ಬಾಕಿಗೆ ಸಹಿ ಹಾಕಿಸಿಕೊಂಡ ಚೀಟಿ, ಕೈಗಡದ ಪ್ರೋನೋಟು ಸ್ಕ್ಯಾನ್ ಮಾಡಿದರೆ ಕೋರ್ಟಿನಲ್ಲಿ ನಡೆಯುತ್ತದೆಯೇ?

ಉತ್ತರ: ಪ್ರೋನೋಟಿನ ಮೂಲವನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಅಧಿಕಾರಪತ್ರ, ಉಯಿಲು, ಟ್ರಸ್ಟ್ ಪತ್ರಕ್ಕೂ ಇದೇ ಮಾತು. ಕಂಪ್ಯೂಟರಿನ ದಾಖಲೆಗೆ ಕೊಡುವ ಮಾನ್ಯತೆಯಿಂದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇವನ್ನು ಸಾಮಾನ್ಯವಾಗಿ ಹೊರಗಿಟ್ಟಿದೆ. ಉದ್ರಿ ಚೀಟಿಯ ಸಹಿ ತನ್ನದಲ್ಲ ಎಂದು ಎದುರಾಳಿ ಹೇಳಿದರೆ ಪರೀಕ್ಷೆಗೆ ಮೂಲವೇ ಬೇಕು. ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇರುವುದನ್ನೂ ಮರೆಯಬೇಡಿ.

ಕಂಪ್ಯೂಟರಿನ ದಾಖಲೆ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಒಂದು ಭಾಗ ನಿಮ್ಮದು, ಇನ್ನೊಂದು ಪರಿಣತರದ್ದು; ಎರಡರಲ್ಲೂ ಫೈಲಿನ ಹ್ಯಾಶ್ ಸಂಖ್ಯೆ (ಫೈಲಿನ ಒಳಗಿರುವುದರಿಂದ ತಂತ್ರಾಂಶ ಲೆಕ್ಕಹಾಕಿ ಕೊಡುವ ಗುರುತು) ಬರೆಯಬೇಕು. ಫೈಲಿನ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಸ್ಕ್ಯಾನ್ ಮಾಡಿದ ದಿನವೇ ಲೆಕ್ಕಹಾಕಿ ಬೇರೆ ಕಡೆ ಬರೆದಿಟ್ಟರೆ, ಮುಂದೆ ಯಾರೂ ತಿದ್ದಿಲ್ಲ ಎಂದು ತೋರಿಸಲು ಆಧಾರವಾಗುತ್ತದೆ.

ಪ್ರಶ್ನೆ: ಬ್ಯಾಕಪ್ ಪೆನ್‌ಡ್ರೈವಿನಲ್ಲಿದ್ದರೆ ಸಾಕಲ್ಲವೇ? (ಜಗಳೂರು)

ಉತ್ತರ: ಸಾಲದು. ಮೂರು ಪ್ರತಿ ಇರಲಿ: ಅಂಗಡಿಯ ಕಂಪ್ಯೂಟರಿನಲ್ಲಿ ಒಂದು, ಹೊರ ಹಾರ್ಡ್‌ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲೋ ಮನೆಯಲ್ಲೋ ಇನ್ನೊಂದು. ನಕಲು ಮುಗಿದ ಕೂಡಲೇ ಡಿಸ್ಕಿನ ಕೇಬಲ್ ಕಳಚಿ. ಚುಚ್ಚಿಯೇ ಬಿಟ್ಟರೆ ಫೈಲಿಗೆ ಬೀಗ ಹಾಕುವ ವೈರಸ್ ಅದನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ಪಿನ 20 ಫೈಲು ತೆರೆದು ನೋಡಿ.

ಪ್ರಶ್ನೆ: ಹಮಾಲರ ಆಧಾರ್ ನಕಲು ಸ್ಕ್ಯಾನ್ ಮಾಡಿ ಇಡಬಹುದೇ?

ಉತ್ತರ: ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೇಳಿ ಪಡೆಯಿರಿ. ಅದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಬೇರೆ ಫೋಲ್ಡರಿನಲ್ಲಿ ಪಾಸ್‌ವರ್ಡ್ ಹಾಕಿ ಇಡಿ. ಅಂಗಡಿಯ ವಾಟ್ಸಾಪ್ ಗುಂಪಿನಲ್ಲಿ ಅದು ಓಡಾಡದಿರಲಿ.