ಕಾಲೇಜು ನೋಟ್ಸ್ ಫೋನ್ ಓದ್ತಿಲ್ಲ, ಹೊಸ ಫೋನ್ ತಗೋಬೇಕಾ?

ಪ್ರಶ್ನೆ: ನನ್ನ ತಂಗಿಗೆ ಕಣ್ಣು ಕಾಣ್ಸಲ್ಲ, ಬಿ.ಎ. ಓದ್ತಿದಾಳೆ. ಟಾಕ್‌ಬ್ಯಾಕ್ (ಫೋನ್ ಪರದೆ ಮೇಲಿರೋದನ್ನ ಓದಿ ಹೇಳೋ ಸೌಲಭ್ಯ) ಹಾಕ್ಕೊಂಡು ವಾಟ್ಸಾಪು, ಫೋನ್‌ಪೇ ಎಲ್ಲಾ ಅವಳೇ ಮಾಡ್ಕೋತಾಳೆ. ಆದ್ರೆ ಕ್ಲಾಸ್ ಗ್ರೂಪಲ್ಲಿ ಬರೋ ಕನ್ನಡ ನೋಟ್ಸ್ ಮಾತ್ರ ಏನೇನೋ ಓದುತ್ತೆ, ಕೆಲವಂತೂ ಓದೋದೇ ಇಲ್ಲ. ದುಬಾರಿ ಫೋನೋ ಆಪೋ ಬೇಕಾ ಸಾರ್? — ಒಬ್ಬ ಅಣ್ಣ, ದಾವಣಗೆರೆ

ಉತ್ತರ: ಒಂದು ರೂಪಾಯಿನೂ ಖರ್ಚು ಮಾಡ್ಬೇಡಿ. ವಾಟ್ಸಾಪಲ್ಲಿ ಕನ್ನಡ ಮೆಸೇಜ್ ಸರಿಯಾಗಿ ಓದ್ತಿದೆ ಅಂದ್ಮೇಲೆ ಫೋನ್ ಚೆನ್ನಾಗೇ ಇದೆ, ತೊಂದರೆ ಇರೋದು ನೋಟ್ಸ್ ಫೈಲಲ್ಲಿ.

"ಏನೇನೋ ಓದುತ್ತೆ" ಅಂದ್ರಲ್ಲ, ಅದು ಹೆಚ್ಚಾಗಿ "ನುಡಿ" ಇಲ್ಲಾ "ಬರಹ" ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು. ಅದ್ರಲ್ಲಿ ನಮ್ ಕಣ್ಣಿಗಷ್ಟೇ ಕನ್ನಡ, ಒಳಗಡೆ ಇರೋದೆಲ್ಲ ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳು. ನುಡಿ ಫಾಂಟಲ್ಲಿ "ಕನ್ನಡ" ಅಂತ ಬರೆದಿದ್ರೆ ಫೋನಿಗೆ ಸಿಗೋದು ಪಿ, ತಲೆ ಮೇಲೆ ಗೆರೆ ಇರೋ ಎ, ಆಮೇಲೆ ಪೌಂಡ್ ಗುರುತು, ಹಿಂಗೇ ಹೋಗುತ್ತೆ, ಪಾಪ ಅದೇನು ಓದಬೇಕು! ಇದಕ್ಕೆ ನೆಟ್ಟಲ್ಲಿ ನುಡಿಯಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರನ ಕನ್ನಡ ಅಂತಲೇ ಫೋನಿಗೆ ಗುರುತು ಸಿಗೋ ಹಾಗೆ ಇಡೋ ವ್ಯವಸ್ಥೆ) ಬದಲಾಯಿಸೋ ಕನ್ವರ್ಟರ್‌ಗಳು ಫ್ರೀಯಾಗಿ ಸಿಗ್ತವೆ, ಕಾಪಿ ಮಾಡಿ ಹಾಕಿದ್ರೆ ಸಾಕು. ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಅಕ್ಷರ ಬಿಟ್ಟುಹೋಗೋದುಂಟು, ಅದಕ್ಕೆ ವರ್ಡ್ ಫೈಲೇ ಕೇಳಿ ಇಸ್ಕೊಳ್ಳಿ.

ಓದೋದೇ ಇಲ್ಲ ಅನ್ನೋವು ಬಹುಶಃ ಪುಸ್ತಕದ ಫೋಟೋಗಳು, ಅಂದ್ರೆ ಅದ್ರಲ್ಲಿ ಅಕ್ಷರನೇ ಇಲ್ಲ, ಬರೀ ಚಿತ್ರ. ಗೂಗಲ್ ಡ್ರೈವಿಗೆ ಹಾಕಿ ಕಂಪ್ಯೂಟರಲ್ಲಿ ಗೂಗಲ್ ಡಾಕ್ಸ್ ಜೊತೆ ಓಪನ್ ಮಾಡಿ, ಕನ್ನಡ ಅಕ್ಷರನ ಅದೇ ಎತ್ತಿ ಕೊಡುತ್ತೆ. ಫೋಟೋ ನೆಟ್ಟಗಿರ್ಬೇಕು, ನೆರಳು ಬಿದ್ದಿರ್ಬಾರ್ದು. ಹಂಗಿದ್ರೂ ಒತ್ತಕ್ಷರ ಕೈಕೊಡುತ್ತೆ, ಕನ್ನಡ ಸೊನ್ನೆ ಅನುಸ್ವಾರ ಆಗ್ಬಿಡುತ್ತೆ, ಟೇಬಲ್ ಇದ್ರಂತೂ ಕಲಸುಮೇಲೋಗರ, ಹಾಗಾಗಿ ಇಸವಿ ಅಂಕಿ ಇರೋ ಕಡೆ ನೀವೊಂದ್ಸಲ ನೋಡಿ ತಿದ್ದಿಕೊಡಿ. ಮಿಕ್ಕಿದ್ದು ಅವಳೇ ಮಾಡ್ಲಿ, ಫೋನ್ ಕಿತ್ಕೊಂಡು ನೀವೇ ಮಾಡೋಕೆ ಹೋಗ್ಬೇಡಿ.

ಇದೆಲ್ಲ ಒದ್ದಾಟ ಅವಳ ಮೇಲೆ ಯಾಕೆ ಬೀಳ್ಬೇಕು ಅನ್ನೋದೇ ನನ್ ತಕರಾರು. ಲೆಕ್ಚರರ್‌ಗೆ ಒಂದು ಮೆಸೇಜ್ ಹಾಕಿಸಿ: "ಸಾರ್, ನೋಟ್ಸ್ ಯೂನಿಕೋಡಲ್ಲಿ ಟೈಪ್ ಮಾಡಿ ವರ್ಡ್ ಫೈಲಾಗಿ ಕಳ್ಸಿ, ಫೋಟೋ ಬೇಡ." ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ, ಅವರು ಹೊಸದಾಗಿ ಕಲಿಯೋದೇನಿಲ್ಲ. ಲೈಬ್ರರಿಯವರು ಕಾಪಿರೈಟ್ ಅಂತ ರಾಗ ಎಳೆದ್ರೆ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ತೋರಿಸಿ, ಅಂಗವಿಕಲರು ಓದೋಕಾಗೋ ರೂಪಕ್ಕೆ ಪುಸ್ತಕ ಬದಲಾಯಿಸ್ಕೊಳ್ಳೋಕೆ ಕಾನೂನೇ ಅವಕಾಶ ಕೊಟ್ಟಿದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಲೈಬ್ರರಿಗೂ ಮೆಂಬರ್ ಮಾಡ್ಸಿ.

ಮನೇಲಿ ಲ್ಯಾಪ್‌ಟಾಪ್ ಇದ್ರೆ ಎನ್‌ವಿಡಿಎ ಅನ್ನೋ, ಪರದೆ ಓದಿ ಹೇಳೋ ತಂತ್ರಾಂಶ ಹಾಕಿಕೊಡಿ, ಫ್ರೀ, ಕನ್ನಡನೂ ಓದುತ್ತೆ. ದನಿ ರೋಬೋ ಥರ ಇರುತ್ತೆ, ಅವಳು ಇಡೋ ಸ್ಪೀಡಿಗೆ ನಿಮಗೆ ಒಂದಕ್ಷರನೂ ತಿಳಿಯಲ್ಲ, ಗಾಬರಿ ಬೇಡ! ಕೀಬೋರ್ಡಲ್ಲಿ ಕನ್ನಡ ಟೈಪಿಂಗ್ ಈಗಿಂದ್ಲೇ ರೂಢಿ ಆಗ್ಲಿ, ಯಾಕಂದ್ರೆ ಕೇಂದ್ರದ ಪರೀಕ್ಷಾ ಮಾರ್ಗಸೂಚಿಯಲ್ಲಿ ಬರೆಯೋಕೆ ಸ್ಕ್ರೈಬ್ (ಹೇಳಿದ್ದನ್ನ ಬರೆದುಕೊಡೋರು) ಅಷ್ಟೇ ಅಲ್ಲ, ಕಂಪ್ಯೂಟರಲ್ಲಿ ತಾನೇ ಉತ್ತರ ಬರೆಯೋ ಆಯ್ಕೆನೂ ಇದೆ. ಪರೀಕ್ಷೆ ಹತ್ರ ಬರೋವರೆಗೂ ಕಾಯದೆ ಈಗ್ಲೇ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ.